ಹವಳದ ಗೋಡೆಯ ಮನೆಯಲ್ಲಿ ಮೂರು ರಾತ್ರಿ

ನಮ್ಮ ಮೈಸೂರಿನಲ್ಲಿ ಹೋಟೆಲ್ ಎಂದರೆ ಇಡ್ಲಿ, ವಡೆ, ಬೈಟು ಕಾಫಿ. ರಾತ್ರಿ ತಂಗುವುದಕ್ಕಾದರೆ ಲಾಡ್ಜು. ಇನ್ನೂ ದುಡ್ಡಿದ್ದವರಿಗೆ ಸ್ಟಾರ್ ಹೋಟೆಲ್. ಈ ಮೂರಕ್ಕೂ ಸೇರದ ಇನ್ನೊಂದು ಬಗೆಯ ಹೆಸರು ಈಗೀಗ ಕಿವಿಗೆ ಬೀಳುತ್ತಿದೆ: ಬೊಟೀಕ್ ಹೋಟೆಲ್. ಹತ್ತಿಪ್ಪತ್ತು ಕೋಣೆ, ಒಂದರ ಹಾಗೆ ಇನ್ನೊಂದಿಲ್ಲ, ಹೆಚ್ಚಾಗಿ ಯಾರದೋ ಹಳೇ ಮನೆ. ಇನ್‌ಸ್ಟಾಗ್ರಾಂನಲ್ಲಿ ನೋಡಿದರೆ ಕೆತ್ತನೆಯ ಮಂಚ, ಅದರ ಮೇಲೆ ಹೂವಿನ ಎಸಳು, ಕಿಟಕಿಯಾಚೆ ಸಮುದ್ರ. ಆ ಮಂಚ ಹೊತ್ತ ನೆಲ ಯಾವುದರ ಮೇಲೆ ನಿಂತಿದೆ, ಆ ಗೋಡೆ ಇಷ್ಟು ವರ್ಷ ಹೇಗೆ ಉಳಿಯಿತು ಎಂಬುದರ ಮೇಲೆ ಯಾರೂ ರೀಲ್ಸ್ ಮಾಡುವುದಿಲ್ಲ.

ನನಗೆ ಆ ಪ್ರಶ್ನೆ ಬರುವುದಕ್ಕೆ ಕಾರಣ ಇದೆ. ನಾನು ಓದುತ್ತಿರುವುದು ಬಿಇ ಸಿವಿಲ್, ಆರನೇ ಸೆಮಿಸ್ಟರ್. ‘ಹುಡುಗಿಗೆ ಸಿವಿಲ್ ಯಾಕಮ್ಮಾ? ಬಿಸಿಲಲ್ಲಿ ಸೈಟ್ ಸುತ್ತಬೇಕಲ್ಲ’ ಅನ್ನುವ ಮಾತು ಸೀಟು ತೆಗೆದುಕೊಂಡ ದಿನದಿಂದ ಕೇಳುತ್ತಿದ್ದೇನೆ. ಅದಕ್ಕಿಂತ ತಲೆ ತಿನ್ನುವುದು ಪ್ಲೇಸ್‌ಮೆಂಟ್. ನಮ್ಮ ಕ್ಲಾಸಿನ ಅರ್ಧ ಜನ ಆಗಲೇ ಕೋಡಿಂಗ್ ಕೋಚಿಂಗಿಗೆ ಸೇರಿಯಾಗಿದೆ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದಾಗ ಅಂಥದ್ದೇ ಒಂದು ಕೋರ್ಸಿನ ಅರ್ಜಿ ನನ್ನ ಬ್ಯಾಗಿನಲ್ಲೂ ಇತ್ತು. ಸೇರಲೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೇ ದಾರ್ ಎಸ್ ಸಲಾಮ್‌ನಲ್ಲಿ ಅಕೌಂಟೆಂಟ್ ಆಗಿರುವ ಚಿಕ್ಕಪ್ಪ ಫೋನ್ ಮಾಡಿ, ‘ರಜ ಇದೆಯಲ್ಲ, ಬಂದುಬಿಡು ಪುಟ್ಟಿ, ಜಾಂಜಿಬಾರ್ ತೋರಿಸ್ತೀನಿ’ ಅಂದರು. ಟಿಕೆಟ್ಟೂ ಅವರದೇ. ಜನವರಿ ಕೊನೆಯಲ್ಲಿ ಹೊರಟೆ.

ಲಕ್ಷಕ್ಕೆ ಲಾಕಿ, ಗಾಡಿಗೆ ಗಾರಿ

ಜಾಂಜಿಬಾರ್ ಎಂದರೆ ಪೂರ್ವ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ದ್ವೀಪಗಳ ಗುಂಪು. ದಾರ್ ಎಸ್ ಸಲಾಮ್‌ನಿಂದ ವೇಗದ ಫೆರ್ರಿಯಲ್ಲಿ ಎರಡು ಗಂಟೆಯ ದಾರಿ. ಒಂದೇ ದೇಶವಾದರೂ ದಡದಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ದೊಡ್ಡ ದ್ವೀಪದ ಹೆಸರು ಉಂಗುಜ. ಅದರ ಪಶ್ಚಿಮ ದಡದಲ್ಲಿ ಸಮುದ್ರಕ್ಕೆ ಮೂಗು ಚಾಚಿದಂತೆ ಇರುವುದೇ ಸ್ಟೋನ್ ಟೌನ್. ಅಲ್ಲಿಯವರು ‘ಮ್ಜಿ ಮ್ಕೊಂಗ್ವೆ’ ಅನ್ನುತ್ತಾರೆ, ಅಂದರೆ ಹಳೇ ಪಟ್ಟಣ. 2000ದಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಎಂದು ಘೋಷಿಸಿತು. ಒಮಾನಿನ ಸುಲ್ತಾನರು ಆಳಿದ, ಲವಂಗ ಮತ್ತು ಆನೆದಂತ ಮಾರಿದ ಊರು. ಗುಲಾಮರನ್ನು ಮಾರಿದ ಊರೂ ಹೌದು. 1873ರಲ್ಲಿ ಮುಚ್ಚಿದ ಆ ಗುಲಾಮರ ಸಂತೆಯ ಜಾಗದಲ್ಲಿ ಈಗ ಚರ್ಚ್ ನಿಂತಿದೆ. ‘ಕ್ವೀನ್’ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ 1946ರಲ್ಲಿ ಹುಟ್ಟಿದ್ದು ಇಲ್ಲೇ. 2021ರ ಸಾಹಿತ್ಯ ನೊಬೆಲ್ ಪಡೆದ ಅಬ್ದುಲ್ ರಜಾಕ್ ಗುರ್ನಾ ಕೂಡ ಜಾಂಜಿಬಾರ್‌ನವರು.

ಭಾಷೆ ಸ್ವಾಹಿಲಿ. ಕೇಳಿದರೆ ಅಲ್ಲಲ್ಲಿ ಪರಿಚಯದ ಮುಖ ಕಂಡ ಹಾಗಾಗುತ್ತದೆ. ಚಪಾತಿ ಚಪಾತಿಯೇ. ಗಾಡಿ ‘ಗಾರಿ’, ಲಕ್ಷ ‘ಲಾಕಿ’, ವಿಮೆ ‘ಬೀಮಾ’. ನೂರಾರು ವರ್ಷ ಗುಜರಾತ್, ಕಛ್ ಕಡೆಯ ವ್ಯಾಪಾರಿಗಳು ಹಾಯಿಹಡಗಿನಲ್ಲಿ ಬಂದು ಹೋದ ಗುರುತು ಇದು. ನಾನು ಹೋದ ತಿಂಗಳಿನಲ್ಲೇ ಅವರೂ ಬರುತ್ತಿದ್ದರು. ಡಿಸೆಂಬರಿನಿಂದ ಗಾಳಿ ನಮ್ಮ ಕಡೆಯಿಂದ ಆಫ್ರಿಕಾದತ್ತ ಬೀಸುತ್ತದೆ. ಆಮೇಲೆ ದಿಕ್ಕು ತಿರುಗಿದಾಗ ಅದೇ ಗಾಳಿ ಹಡಗನ್ನು ವಾಪಸ್ ತರುತ್ತಿತ್ತು. ನಮ್ಮ ಮುಂಗಾರಿಗೆ ಮೋಡ ಹೊತ್ತು ತರುವ ಗಾಳಿಯೂ ಆ ದಾರಿಯದೇ.

ಅರ್ಥ ತಿರುಗುಮುರುಗಾದ ಪದಗಳೂ ಇವೆ. ಸ್ವಾಹಿಲಿಯಲ್ಲಿ ‘ದಾದಾ’ ಎಂದರೆ ಅಕ್ಕ. ‘ಕಾಕಾ’ ಎಂದರೆ ಅಣ್ಣ. ನಾವು ಇಳಿದುಕೊಂಡ ಹೋಟೆಲಿನ ಮ್ಯಾನೇಜರ್ ನಲವತ್ತರ ಆಸುಪಾಸಿನ ಹೆಂಗಸು. ಮೂರು ದಿನವೂ ಅವರನ್ನು ‘ದಾದಾ’ ಎಂದು ಕರೆಯುವಾಗ ನಗು ತಡೆಯುವುದು ಕಷ್ಟವಾಗಿತ್ತು. ಮೊದಲ ದಿನ ಅವರು, ‘ನಾಳೆ ತಿಂಡಿ ನಮ್ಮ ಲೆಕ್ಕದಲ್ಲಿ ಎರಡು ಗಂಟೆಗೆ’ ಅಂದರು. ಚಿಕ್ಕಮ್ಮ ನಕ್ಕು ವಿವರಿಸಿದರು: ಇಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ಬೆಳಿಗ್ಗೆ ಏಳು ಅಂದರೆ ಇವರ ಒಂದು ಗಂಟೆ, ಎಂಟು ಅಂದರೆ ಎರಡು. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮ ಮುತ್ತಜ್ಜಂದಿರಿಗೆ ಈ ಊರು ಸುಲಭವಾಗಿ ಹೊಂದಿಕೊಳ್ಳುತ್ತಿತ್ತು.

ಕೋಣೆ ಯಾಕಿಷ್ಟು ಕಿರಿದು?

ಹೋಟೆಲ್ ಇರುವುದು ಕಾರು ನುಗ್ಗಲಾರದ ಗಲ್ಲಿಯಲ್ಲಿ. ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವಷ್ಟು ಗಲ್ಲಿ. ಮುಂಬಾಗಿಲು ಮಾತ್ರ ಅರಮನೆಯದು: ಕೆತ್ತನೆಯ ಚೌಕಟ್ಟು, ಹಿತ್ತಾಳೆಯ ಚೂಪು ಗುಬುಟುಗಳು. ಆನೆ ಗುದ್ದಬಾರದೆಂದು ನಮ್ಮ ಕೋಟೆ ಬಾಗಿಲುಗಳಿಗೆ ಹೊಡೆಯುತ್ತಿದ್ದ ಮೊಳೆಗಳ ಸಂಬಂಧಿಕರು ಇವು ಎನ್ನುತ್ತಾರೆ. ಜಾಂಜಿಬಾರ್‌ನಲ್ಲಿ ಆನೆ ಇಲ್ಲ, ಶೋಕಿ ಮಾತ್ರ ಉಳಿದಿದೆ.

ಒಳಗೆ ಕಾಲಿಟ್ಟರೆ ನಮ್ಮ ತೊಟ್ಟಿ ಮನೆಯ ನೆನಪು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ನಾಲ್ಕು ಅಂತಸ್ತು, ಒಟ್ಟು ಒಂಬತ್ತು ಕೋಣೆ. ಲಿಫ್ಟ್ ಇಲ್ಲ, ಮೆಟ್ಟಿಲು ಏಣಿಯಷ್ಟು ಕಡಿದು. ಒಂದು ಕಾಲದಲ್ಲಿ ಕೆಳಗೆ ಅಂಗಡಿ, ಮೇಲೆ ಗುಜರಾತಿ ವ್ಯಾಪಾರಿಯ ಸಂಸಾರ ಇತ್ತಂತೆ. ಒಂದು ರಾತ್ರಿಯ ಬಾಡಿಗೆ ನಮ್ಮ ಹಾಸ್ಟೆಲ್ಲಿನ ಎರಡು ತಿಂಗಳ ಮೆಸ್ ಬಿಲ್ಲಿಗೆ ಸಮ. ಅದನ್ನು ಕೇಳಿ ನಾನು ಕಣ್ಣು ಬಿಟ್ಟಾಗ ಚಿಕ್ಕಪ್ಪ, ‘ಸುಮ್ನೆ ಮಲಗು. ಹತ್ತು ವರ್ಷದಲ್ಲಿ ನಿನಗೆ ಒಂದೇ ಒಂದು ಬರ್ತ್‌ಡೇ ಗಿಫ್ಟೂ ಕೊಟ್ಟಿಲ್ಲ’ ಅಂದರು.

ನನಗೆ ಸಿಕ್ಕಿದ್ದು ಮೂರನೇ ಅಂತಸ್ತಿನ ಕೋಣೆ. ರೈಲು ಬೋಗಿಯ ಹಾಗೆ ಉದ್ದಕ್ಕೆ ಇತ್ತು, ಅಗಲವೇ ಇಲ್ಲ. ಬ್ಯಾಗಿನಲ್ಲಿ ಸದಾ ಇರುವ ಟೇಪು ತೆಗೆದು ಅಳೆದೆ: ಉದ್ದ 7 ಮೀಟರ್, ಅಗಲ 2.8. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು, ಅದರ ಅಗಲವೂ 2.8. ಕೆಳಗಿನ ಊಟದ ಮನೆ 2.7. ಇಷ್ಟು ದುಡ್ಡಿದ್ದ ವ್ಯಾಪಾರಿ ಇಷ್ಟು ಇಕ್ಕಟ್ಟಾಗಿ ಯಾಕೆ ಕಟ್ಟಿದ?

ಉತ್ತರ ತಲೆಯ ಮೇಲೇ ಇತ್ತು. ಸೂರಿನಲ್ಲಿ ಸಾಲಾಗಿ ಮರದ ಗಳುಗಳು, ತೋಳಿಗಿಂತ ದಪ್ಪ, ತೊಡೆಗಿಂತ ತೆಳು. ಕಾಂಡ್ಲಾ ಮರ, ಅಂದರೆ ಮ್ಯಾಂಗ್ರೋವ್. ಸ್ವಾಹಿಲಿಯಲ್ಲಿ ಈ ಗಳುವಿಗೆ ‘ಬೊರಿಟಿ’ ಅನ್ನುತ್ತಾರೆ. ಗಟ್ಟಿ ಮರ, ಗೆದ್ದಲು ಸುಲಭಕ್ಕೆ ಹಿಡಿಯದು. ಆದರೆ ನೇರವಾದ ಗಳು ಮೂರು ಮೀಟರಿನ ಸುತ್ತಮುತ್ತಲೇ ಸಿಗುವುದು. ಆದ್ದರಿಂದ ಊರಿನ ಯಾವ ಹಳೇ ಮನೆಯ ಕೋಣೆಗೂ ಅದಕ್ಕಿಂತ ಹೆಚ್ಚು ಅಗಲ ಇಲ್ಲ. ಬಡವನಿಗೂ ಅಷ್ಟೇ, ಸಾಹುಕಾರನಿಗೂ ಅಷ್ಟೇ. ಸಾಹುಕಾರ ಕೋಣೆಯನ್ನು ಉದ್ದ ಮಾಡಬಹುದು, ಎತ್ತರ ಮಾಡಬಹುದು. ಅಗಲ ನಿರ್ಧರಿಸುವುದು ಮರ.

ನಮಗೆ ಎರಡನೇ ವರ್ಷದಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಇತ್ತು. ಒಂದೇ ಸಮನಾದ ಭಾರ ಹೊತ್ತ ತೊಲೆಯ ಉದ್ದ ಎರಡು ಪಟ್ಟಾದರೆ ಬೆಂಡಿಂಗ್ ಮೊಮೆಂಟ್ 4 ಪಟ್ಟು, ಬಾಗುವುದು 16 ಪಟ್ಟು. ಪರೀಕ್ಷೆಗೆ ಬಾಯಿಪಾಠ ಮಾಡಿದ ಆ ಸಾಲು ಒಂದು ಇಡೀ ಪಟ್ಟಣದ ಆಕಾರವಾಗಿ ನಿಂತಿರುವುದನ್ನು ಮಂಚದ ಮೇಲೆ ಅಂಗಾತ ಮಲಗಿ ನೋಡಿದೆ. ಸೊಳ್ಳೆಪರದೆಯ ಆಚೆ ಎಣಿಸಿದರೆ ಇಪ್ಪತ್ತೆಂಟು ಗಳು.

ಸುಣ್ಣಕ್ಕೆ ಅವಸರವಿಲ್ಲ

ಗೋಡೆಯ ದಪ್ಪ 55 ಸೆಂಟಿಮೀಟರ್. ಕಿಟಕಿಯ ಹೊಸ್ತಿಲ ಮೇಲೆ ಕಾಲು ಮಡಚಿ ಕೂರಬಹುದು. ಕಲ್ಲು ಎಲ್ಲಿಯದು ಅಂದರೆ ಸಮುದ್ರದ್ದೇ. ಹಿಂದೆ ಯಾವುದೋ ಕಾಲದಲ್ಲಿ ನೀರಿನಡಿ ಬೆಳೆದ ಹವಳದ ದಿಬ್ಬ ಗಟ್ಟಿಯಾಗಿ ಉಂಟಾದ ಕಲ್ಲು, ತೂತುತೂತು. ಅದನ್ನು ಜೋಡಿಸುವ ಗಾರೆಯೂ ಅದರದೇ. ಹವಳದ ಕಲ್ಲನ್ನು ಸೌದೆಯ ಮೇಲೆ ಪೇರಿಸಿ ಸುಡುತ್ತಾರೆ, ಸುಟ್ಟದ್ದಕ್ಕೆ ನೀರು ಹಾಕಿ ಅರಳಿಸುತ್ತಾರೆ, ಮರಳು ಬೆರೆಸಿ ಹಚ್ಚುತ್ತಾರೆ. ಗೋಡೆಗೆ ಹೋದ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಎಲ್ಲಿಂದ ಹೊರಟಿತೋ ಅಲ್ಲಿಗೇ.

ಎರಡನೇ ದಿನ ಎರಡನೇ ಅಂತಸ್ತಿನ ಮೆಟ್ಟಿಲ ಬಳಿ ಒಬ್ಬ ಹಿರಿಯರು ಗೋಡೆ ಕೆರೆಯುತ್ತಿದ್ದರು. ಇಲ್ಲಿ ಕೈಕೆಲಸ ಬಲ್ಲವರನ್ನೆಲ್ಲ ‘ಫುಂಡಿ’ ಅನ್ನುತ್ತಾರೆ. ಮೇಸ್ತ್ರಿಯೂ ಫುಂಡಿ, ಎಲೆಕ್ಟ್ರಿಷಿಯನ್ನೂ ಫುಂಡಿ. ಹಿರಿಯರಿಗೆ ಹೇಳಬೇಕಾದ ನಮಸ್ಕಾರವನ್ನು ಚಿಕ್ಕಮ್ಮ ಮೊದಲೇ ಹೇಳಿಕೊಟ್ಟಿದ್ದರು: ‘ಶಿಕಮೂ’. ಕಾಲು ಹಿಡಿಯುತ್ತೇನೆ ಎಂದು ಅದರ ಮೂಲ ಅರ್ಥವಂತೆ. ಅವರು ‘ಮರಹಬಾ’ ಅಂದರು. ನಾನು ಸಿವಿಲ್ ವಿದ್ಯಾರ್ಥಿನಿ ಎಂದು ದಾದಾ ಹೇಳಿದ್ದೇ ತಡ, ಕರಣೆ ಕೆಳಗಿಟ್ಟು ನನ್ನ ಕೈ ಹಿಡಿದು ಗೋಡೆಗೆ ಬಡಿಸಿದರು. ಒಂದು ಕಡೆ ದಪ್ಪ ಸದ್ದು. ಅರ್ಧ ಅಡಿ ಪಕ್ಕದಲ್ಲಿ ಖಾಲಿ ಡಬ್ಬಿಯ ಸದ್ದು.

ಖಾಲಿ ಸದ್ದು ಬಂದ ಕಡೆ ಹಿಂದಿನ ಮಾಲೀಕರು ಯಾವಾಗಲೋ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಫುಂಡಿ ಹೇಳಿದ್ದನ್ನು ದಾದಾ ಇಂಗ್ಲಿಷಿಗೆ ತಿರುಗಿಸಿದರು. ಅದರ ಸಾರ ಇಷ್ಟು. ಹವಳದ ಕಲ್ಲು ತೇವ ಹೀರುತ್ತದೆ, ಬಿಡುತ್ತದೆ. ಮೇಲೆ ಸುಣ್ಣ ಇದ್ದರೆ ತೇವ ಅದರ ಮೂಲಕ ಆಚೆ ಹೋಗುತ್ತದೆ. ಸಿಮೆಂಟ್ ಹಾಕಿದರೆ ದಾರಿ ಬಂದ್. ತೇವ ಒಳಗೇ ಕೂತು ಉಪ್ಪು ಕಟ್ಟುತ್ತದೆ, ಕಲ್ಲು ಪುಡಿಯಾಗುತ್ತದೆ. ಹೊರಗಿಂದ ನೋಡಿದರೆ ಪ್ಲಾಸ್ಟರ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಒಂದು ಮಳೆಗಾಲದಲ್ಲಿ ತೊಲೆಯ ತುದಿ ಕೊಳೆತದ್ದು ಗೊತ್ತಾಗುತ್ತದೆ. ‘ಸಿಮೆಂಟ್ ಕೆಟ್ಟದ್ದೇನಲ್ಲ’ ಅಂದರು ಫುಂಡಿ. ‘ನನ್ನ ಮನೆಯೂ ಸಿಮೆಂಟಿನದೇ. ಈ ಗೋಡೆಗೆ ಅದು ಆಗಿಬರುವುದಿಲ್ಲ ಅಷ್ಟೆ.’

ಅವರ ಜೊತೆಗೆ ನನ್ನ ವಯಸ್ಸಿನ ಹುಡುಗನೊಬ್ಬ ಸುಣ್ಣ ಕಲೆಸುತ್ತಿದ್ದ. ಈ ಕೆಲಸ ಮುಂದುವರಿಸ್ತೀಯಾ ಎಂದು ಕೇಳಿದೆ. ಬೈಕ್ ಕೊಂಡು ಬಾಡಿಗೆಗೆ ಓಡಿಸುವ ಆಸೆ ಅಂದ. ಸುಣ್ಣ ಗಟ್ಟಿಯಾಗಲು ವಾರಗಳು ಬೇಕು, ಒಂದು ಪದರ ಹಚ್ಚಿ ಕಾಯಬೇಕು, ಇನ್ನೊಂದು ಹಚ್ಚಿ ಕಾಯಬೇಕು. ಕಾಯುವ ದಿನಕ್ಕೆ ಕೂಲಿ ಇಲ್ಲ. ಅವನ ಲೆಕ್ಕ ಸರಿಯಾಗೇ ಇತ್ತು. ನನ್ನ ಬ್ಯಾಗಿನಲ್ಲಿದ್ದ ಕೋರ್ಸಿನ ಅರ್ಜಿಯೂ ಅದೇ ಲೆಕ್ಕದ್ದು.

ಒಂಬತ್ತು ಕೋಣೆಗೆ ಒಂಬತ್ತು ಬಚ್ಚಲು

ಹಳೇ ಮನೆಯನ್ನು ಹೋಟೆಲ್ ಮಾಡುವುದು ಎಂದರೆ ಬಣ್ಣ ಬಳಿದು ಮಂಚ ಹಾಕುವುದಲ್ಲ. ದಾದಾ ಜೊತೆ ಅರ್ಧ ದಿನ ಸುತ್ತಿದ ಮೇಲೆ ನನಗೆ ಅರ್ಥವಾದದ್ದು ಇದು. ವ್ಯಾಪಾರಿಯ ಸಂಸಾರ ಇದ್ದಾಗ ನೀರು ಬೀಳುತ್ತಿದ್ದುದು ಮನೆಯ ಒಂದೇ ಮೂಲೆಯಲ್ಲಿ. ಈಗ ಪ್ರತಿ ಅತಿಥಿಗೂ ಸ್ವಂತ ಬಚ್ಚಲು ಬೇಕು, ಷವರ್ ಬೇಕು, ಬಿಸಿನೀರು ಬೇಕು, ಏಸಿ ಬೇಕು. ಮರದ ಗಳು ಮತ್ತು ಸುಣ್ಣದ ಗೋಡೆಗೆ ಸಮುದ್ರಕ್ಕಿಂತ ದೊಡ್ಡ ಶತ್ರು ಮೂರನೇ ಅಂತಸ್ತಿನಲ್ಲಿ ಸೋರುವ ಒಂದು ಪೈಪು.

ಈ ಹೋಟೆಲಿನವರು ಮಾಡಿದ್ದು ಸರಳ. ಬಚ್ಚಲುಗಳನ್ನೆಲ್ಲ ಒಂದರ ಮೇಲೊಂದು ಬರುವ ಹಾಗೆ ಎರಡು ಕಂಬಸಾಲಿನಲ್ಲಿ ಜೋಡಿಸಿದ್ದಾರೆ. ಯಾವ ಪೈಪನ್ನೂ ಗೋಡೆಯೊಳಗೆ ಹುದುಗಿಸಿಲ್ಲ. ಎಲ್ಲವೂ ಅಂಗಳದ ಕಡೆ ಹೊರಗೇ ಕಾಣುತ್ತವೆ. ‘ಚೆನ್ನಾಗಿ ಕಾಣಲ್ಲ ಅಂತ ಕೆಲವರು ರಿವ್ಯೂ ಬರೀತಾರೆ’ ಅಂದರು ದಾದಾ. ‘ಆದರೆ ಸೋರಿದರೆ ಅದೇ ದಿನ ಕಾಣಿಸುತ್ತೆ.’ ಏಸಿಯ ನೀರಿಗೂ ಬೇರೆ ಕೊಳವೆ. ಮಳೆ ನಿಂತ ಕೂಡಲೇ ಒಬ್ಬ ಹುಡುಗ ಮಾಳಿಗೆ ಹತ್ತಿ ದೋಣಿಯಲ್ಲಿ ಕಸ ಕಟ್ಟಿದೆಯಾ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಸಹಿ ಹಾಕಬೇಕು. ಆ ನೋಟ್‌ಬುಕ್ ನೋಡಿದೆ. ನೂರಾರು ಸಾಲು, ಎಲ್ಲವೂ ‘ಸಾವ’, ಅಂದರೆ ಸರಿ ಇದೆ. ನಡುನಡುವೆ ಒಂದೊಂದು ಕಡೆ ಒಡೆದ ಹೆಂಚು, ಜಾರಿದ ತಗಡು. ಸಣ್ಣ ಸಣ್ಣ ರಿಪೇರಿ.

ಏಸಿ ಇತ್ತು, ನಿಜ. ಆದರೆ ಮೊದಲ ರಾತ್ರಿ ಬಿಟ್ಟರೆ ನಾನು ಹಾಕಲಿಲ್ಲ. ಬಾಗಿಲ ಮೇಲಿನ ಜಾಲಂಧ್ರ, ಅಂಗಳದ ಕಡೆಯ ಕಿಟಕಿ ತೆರೆದಿಟ್ಟರೆ ಗಾಳಿ ತಾನಾಗಿ ಹರಿಯುತ್ತಿತ್ತು. ಹೊರಗೆ ಮಟಮಟ ಮಧ್ಯಾಹ್ನ ಇದ್ದಾಗಲೂ ಆ ದಪ್ಪ ಗೋಡೆಗೆ ಕೈ ಇಟ್ಟರೆ ತಂಪು.

ಅದ್ಭುತದ ಮನೆ ಬಿದ್ದಾಗ

ಹೋಟೆಲಿನಿಂದ ಐದು ನಿಮಿಷ ನಡೆದರೆ ಸಮುದ್ರದ ಎದುರಿಗೆ ‘ಬೈತ್ ಅಲ್ ಅಜಾಯಬ್’. ಅದ್ಭುತದ ಮನೆ. 1883ರಲ್ಲಿ ಸುಲ್ತಾನ್ ಬರ್ಗಾಶ್ ಕಟ್ಟಿಸಿದ್ದು. ಜಾಂಜಿಬಾರ್‌ನಲ್ಲಿ ಮೊದಲು ವಿದ್ಯುತ್ ದೀಪ ಉರಿದದ್ದು ಇಲ್ಲಿ. ಹವಳದ ಕಲ್ಲಿನ ಜೊತೆಗೆ ಕಾಂಕ್ರೀಟ್ ಚಪ್ಪಡಿ, ಉಕ್ಕಿನ ತೊಲೆ, ಎರಕದ ಕಬ್ಬಿಣದ ಕಂಬ ಬಳಸಿದ್ದರಿಂದ ಗಳುವಿನ ಮೂರು ಮೀಟರಿನ ಲೆಕ್ಕ ಮೀರಿ ವಿಶಾಲವಾದ ಸಭಾಂಗಣ, ಸುತ್ತಲೂ ಅಗಲ ಜಗುಲಿ ಸಾಧ್ಯವಾಯಿತು. 1896ರ ಆಗಸ್ಟ್ 27ರಂದು ಬ್ರಿಟಿಷ್ ಹಡಗುಗಳು ಇಲ್ಲಿನ ಅರಮನೆಗಳ ಮೇಲೆ ಗುಂಡು ಸುರಿಸಿದವು. ಒಂದು ಗಂಟೆಯೂ ನಡೆಯದ ಆ ಯುದ್ಧ ಚರಿತ್ರೆಯಲ್ಲೇ ಅತಿ ಚಿಕ್ಕದು ಎನ್ನುತ್ತಾರೆ. ಪಕ್ಕದ ಅರಮನೆ ನೆಲಸಮವಾಯಿತು, ಇದು ಉಳಿದುಕೊಂಡಿತು.

ಫಿರಂಗಿಗೆ ಬೀಳದ ಕಟ್ಟಡ 2012ರಲ್ಲಿ ಒಂದು ಭಾಗ ಕಳೆದುಕೊಂಡಿತು. 2020ರ ಡಿಸೆಂಬರ್ 25ರಂದು, ದುರಸ್ತಿ ನಡೆಯುತ್ತಿದ್ದಾಗಲೇ, ಮುಂಭಾಗದ ದೊಡ್ಡ ಪಾಲು ಗಡಿಯಾರದ ಗೋಪುರದ ಸಮೇತ ಕುಸಿಯಿತು. ಕೆಲಸ ಮಾಡುತ್ತಿದ್ದವರಲ್ಲಿ ಇಬ್ಬರು ಸತ್ತರು. ನಾನು ಅದರ ಎದುರು ನಿಂತು ಚಿಕ್ಕಪ್ಪನಿಗೆ ಕಬ್ಬಿಣ, ಉಪ್ಪುಗಾಳಿ, ತುಕ್ಕು ಎಂದು ಪಾಠ ಒಪ್ಪಿಸುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿ, ‘ಅದೆಲ್ಲ ಸರಿ ಪುಟ್ಟಿ. ಆ ಇಬ್ಬರು ಮೇಲೆ ಹತ್ತೋ ಮುಂಚೆ ಹತ್ತಬಹುದು ಅಂತ ಯಾರೋ ಹೇಳಿರ್ತಾರಲ್ಲ, ಅದು ನಿಮ್ಮ ಕೆಲಸ ತಾನೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೇ ಕಟ್ಟಡದ ಶಕ್ತಿಯನ್ನು ಅಂದಾಜು ಮಾಡುವುದು ಹೊಸ ಕಟ್ಟಡ ಡಿಸೈನ್ ಮಾಡುವುದಕ್ಕಿಂತ ಕಷ್ಟ. ಕಾಂಕ್ರೀಟಿನ ಬಲ ಕೋಡ್ ಪುಸ್ತಕದಲ್ಲಿದೆ. ಉಪ್ಪು ತಿಂದ ಹವಳದ ಕಲ್ಲಿನ ಬಲ ಯಾವ ಟೇಬಲ್ಲಿನಲ್ಲೂ ಇಲ್ಲ, ಹೋಗಿ ಬಡಿದು ನೋಡಬೇಕು.

ಎಲ್ಲವೂ ಬೀಳುತ್ತಿಲ್ಲ ಅನ್ನುವುದಕ್ಕೆ ಅದೇ ದಡದಲ್ಲಿ ಬಂದರಿನ ಕಡೆ ಸ್ವಲ್ಪ ನಡೆದರೆ ಸಾಕು. ಕಛ್ ಮೂಲದ ವ್ಯಾಪಾರಿ ಥರಿಯಾ ಟೋಪನ್ 1887ರಲ್ಲಿ ಅಡಿಗಲ್ಲು ಹಾಕಿಸಿದ ಹಳೇ ಡಿಸ್ಪೆನ್ಸರಿ ಇದೆ. ಬಣ್ಣದ ಗಾಜು, ಕೆತ್ತನೆಯ ಮರದ ಬಾಲ್ಕನಿ, ನೋಡಿದ ಕೂಡಲೇ ಗುಜರಾತು ನೆನಪಾಗುತ್ತದೆ. ಪಾಳು ಬಿದ್ದಿದ್ದ ಇದನ್ನು 1990ರ ದಶಕದಲ್ಲಿ ಆಗಾ ಖಾನ್ ಟ್ರಸ್ಟ್ ಫಾರ್ ಕಲ್ಚರ್ ಎಬ್ಬಿಸಿ ನಿಲ್ಲಿಸಿತು.

ಮಾಳಿಗೆಯಿಂದ ಕಾಣುವ ಊರು

ಸಂಜೆ ಹೋಟೆಲಿನ ಮಾಳಿಗೆಯಲ್ಲಿ ಚಹಾ. ಒಂದು ಕಡೆ ಹಾಯಿದೋಣಿ, ಮುಳುಗುವ ಸೂರ್ಯ. ಎಲ್ಲರ ಮೊಬೈಲ್ ಆ ಕಡೆ. ಇನ್ನೊಂದು ಕಡೆ ತುಕ್ಕು ಹಿಡಿದ ತಗಡಿನ ಚಾವಣಿಗಳ ಸಾಲು. ನಮ್ಮ ಹಿಂದಿನ ಮನೆಯ ಗೋಡೆಗೆ ಮರದ ಆನಿಕೆ ಕೊಟ್ಟಿತ್ತು. ಅದೂ ಇದೇ ಕಾಲದ, ಇದೇ ಅಳತೆಯ ಮನೆ. 1964ರ ಜನವರಿ 12ರ ಕ್ರಾಂತಿಯ ನಂತರ ಅರಬ್ಬರು, ಭಾರತೀಯರು ಬಹಳ ಜನ ಊರು ಬಿಟ್ಟರು. ಅವರ ಮನೆಗಳು ಸರ್ಕಾರದ ವಶವಾಗಿ ಬಡ ಕುಟುಂಬಗಳಿಗೆ ಬಾಡಿಗೆಗೆ ಹೋದವು. ಒಂದು ಕುಟುಂಬದ ಮನೆಯಲ್ಲಿ ಐದಾರು ಕುಟುಂಬ. ತಲೆಯ ಮೇಲೆ ಸೂರು ಸಿಕ್ಕಿತು, ಸೂರು ರಿಪೇರಿ ಮಾಡಿಸುವ ದುಡ್ಡು ಯಾರ ಬಳಿಯೂ ಇರಲಿಲ್ಲ. 1985ರಿಂದ ಸ್ಟೋನ್ ಟೌನ್ ಸಂರಕ್ಷಣೆಗೆಂದೇ ಒಂದು ಸರ್ಕಾರಿ ಪ್ರಾಧಿಕಾರ ಇದೆ. ಆದರೆ ಕಟ್ಟಡಗಳೇ ಸುಮಾರು 1,700.

ಆದ್ದರಿಂದ ಬೊಟೀಕ್ ಹೋಟೆಲ್ ಬಗ್ಗೆ ‘ಪರಂಪರೆ ಉಳಿಸುತ್ತಿದ್ದಾರೆ’ ಎಂದು ಸುಮ್ಮನೆ ಹೊಗಳಿ ಬರೆಯಲು ಮನಸ್ಸು ಬರುವುದಿಲ್ಲ. ನನ್ನ ಚಿಕ್ಕಪ್ಪ ಕೊಟ್ಟ ಬಾಡಿಗೆಯಿಂದಲೇ ಫುಂಡಿಗೆ ಕೂಲಿ, ದೋಣಿ ನೋಡುವ ಹುಡುಗನಿಗೆ ಸಂಬಳ. ಆ ದುಡ್ಡು ಇಲ್ಲದಿದ್ದರೆ ಈ ಮನೆಗೂ ಆನಿಕೆಯೇ ಗತಿ. ಇನ್ನೊಂದು ಕಡೆ, ಇಲ್ಲಿ ಮನೆಗಳ ಹೊರಗೋಡೆಗೆ ಹೊಂದಿದ ಹಾಗೆ ಕಲ್ಲಿನ ಜಗುಲಿ ಇರುತ್ತದೆ, ‘ಬರಾಜ’ ಅನ್ನುತ್ತಾರೆ. ನಮ್ಮ ಜಗುಲಿ ಕಟ್ಟೆಯೇ. ಕೇರಂ ಆಡುವವರು, ಕಾಫಿ ಮಾರುವವರು, ಮಕ್ಕಳಿಗೆ ಜಡೆ ಹೆಣೆಯುವವರು ಎಲ್ಲ ಅದರ ಮೇಲೇ. ಬರಾಜ ಎಂದರೆ ಸಭೆ ಎಂದೂ ಅರ್ಥ. ನಮ್ಮ ಹೋಟೆಲಿನ ಬರಾಜ ಮೂರು ದಿನವೂ ಖಾಲಿ ಇತ್ತು. ಆನಿಕೆ ಕೊಟ್ಟ ಮನೆಯ ಬರಾಜದಲ್ಲಿ ರಾತ್ರಿ ಹನ್ನೊಂದರವರೆಗೆ ನಗು. ಎಲ್ಲ ಮನೆಗಳೂ ಹೋಟೆಲ್ ಆದರೆ ಕಲ್ಲು ಉಳಿಯುತ್ತದೆ, ನಗು ಎಲ್ಲಿ ಹೋಗುತ್ತದೆ? ದಾದಾ ಹೇಳಿದರು, ‘ನಾನು ಹುಟ್ಟಿದ್ದು ಈ ಗಲ್ಲಿಯಲ್ಲೇ. ಈಗ ದಿನಾ ಬಸ್ಸಲ್ಲಿ ಬರ್ತೀನಿ.’

ನಮ್ಮೂರಿನ ಲೆಕ್ಕ

ದ್ವೀಪದ ಊರು ನೋಡಲು ಇಷ್ಟು ದೂರ ಹೋಗಬೇಕಿತ್ತಾ ಎಂದು ನೀವು ಕೇಳಬಹುದು. ನಮ್ಮ ಪಕ್ಕದ ಶ್ರೀರಂಗಪಟ್ಟಣವೂ ದ್ವೀಪವೇ, ಚರಿತ್ರೆಯೂ ಬೇಕಾದಷ್ಟಿದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತಾಗ ನಾನಿನ್ನೂ ಪ್ರೈಮರಿ ಶಾಲೆ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಮ್ಮ ಹೂವು ಕೊಳ್ಳುವ ಮಾರುಕಟ್ಟೆ ಅದು. ಕೆಡವಬೇಕೋ, ಉಳಿಸಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆ ಚರ್ಚೆಯಲ್ಲಿ ಎರಡೂ ಕಡೆಯವರಿಗೆ ಬೇಕಿದ್ದುದು ಒಂದೇ: ಗೋಡೆಯನ್ನು ಬಡಿದು, ತೊಲೆ ಪರೀಕ್ಷಿಸಿ, ಇದು ನಿಲ್ಲುತ್ತದೆ ಅಥವಾ ನಿಲ್ಲುವುದಿಲ್ಲ ಎಂದು ಖಚಿತವಾಗಿ ಹೇಳುವವರು.

ಅಂಥವರಾಗಲು ದಾರಿ ಇದೆಯೇ? ಬಂದ ಮೇಲೆ ಹುಡುಕಿದೆ. ಐಐಟಿ ಮದ್ರಾಸಿನಲ್ಲಿ ಪಾರಂಪರಿಕ ಕಟ್ಟಡಗಳ ಸುರಕ್ಷತೆಗೆಂದೇ ರಾಷ್ಟ್ರೀಯ ಕೇಂದ್ರ ಇದೆ. ಅಂದಹಾಗೆ, ಇದೇ ಐಐಟಿ ಮದ್ರಾಸ್ 2023ರಲ್ಲಿ ತನ್ನ ಕ್ಯಾಂಪಸ್ ತೆರೆದದ್ದು ಜಾಂಜಿಬಾರ್‌ನಲ್ಲೇ, ದೇಶದ ಹೊರಗಿನ ಮೊದಲ ಐಐಟಿ ಅದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಇಂಟ್ಯಾಕ್‌ನಂಥ ಸಂಸ್ಥೆಗಳು ಇವೆ. ಸುಣ್ಣಕ್ಕೂ ಐಎಸ್ ಕೋಡ್ ಇದೆ, ಐಎಸ್ 712. ನಮ್ಮ ಕಾಲೇಜಿನಲ್ಲಿ ಹಳೇ ಕಟ್ಟಡಗಳ ರಿಪೇರಿ ಒಂದು ಐಚ್ಛಿಕ ವಿಷಯ. ಕಳೆದ ಬ್ಯಾಚಿನಲ್ಲಿ ಯಾರೂ ತೆಗೆದುಕೊಳ್ಳದೆ ಅದನ್ನು ನಡೆಸಲೇ ಇಲ್ಲ. ಈ ಸಲ ಹದಿನೈದು ಜನ ಬೇಕು, ಆರು ಹೆಸರು ಬಂದಿದೆ.

ಸಂಬಳ ಸಾಫ್ಟ್‌ವೇರಿನಷ್ಟು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಸಾಲ ಇರುವವರು ಕೋಡಿಂಗ್ ಕಲಿತರೆ ಅದರಲ್ಲಿ ತಪ್ಪೇನೂ ಇಲ್ಲ. ಬೈಕ್ ಕೊಳ್ಳುವ ಆಸೆಯ ಆ ಹುಡುಗನಿಗೆ ಉಪದೇಶ ಹೇಳುವ ಯೋಗ್ಯತೆಯೂ ನನಗಿಲ್ಲ. ಕೋರ್ಸಿನ ಅರ್ಜಿಯನ್ನು ಸದ್ಯಕ್ಕೆ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಹರಿದು ಹಾಕಿಲ್ಲ. ಆದರೆ ಕೊನೆಯ ವರ್ಷದ ಪ್ರಾಜೆಕ್ಟ್ ಮಾತ್ರ ನಿರ್ಧಾರವಾಗಿದೆ. ನಮ್ಮ ಬಡಾವಣೆಯಲ್ಲಿ ಮದ್ರಾಸ್ ತಾರಸಿಯ ಹಳೇ ಮನೆಗಳು ಹನ್ನೊಂದಿವೆ. ನಾಲ್ವರು ಗೆಳತಿಯರು ಸೇರಿ ಅವುಗಳ ತೊಲೆ, ಗೋಡೆಯ ತೇವ, ಸೋರುವ ಜಾಗ ಎಲ್ಲವನ್ನೂ ಅಳೆದು ಪ್ರತಿ ಮನೆಗೂ ಒಂದು ನೋಟ್‌ಬುಕ್ ಮಾಡಿಕೊಡುವುದು. ಮಳೆ ಬಂದ ಮೇಲೆ ಮಾಳಿಗೆ ನೋಡಿ ತಾರೀಖು ಬರೆಯುವುದಕ್ಕೆ.

ಮೊದಲ ಮನೆಯ ಅಜ್ಜಿ ಒಪ್ಪಿದ್ದಾರೆ. ಏಣಿ ನಾವೇ ತರಬೇಕಂತೆ.